ಮನೆಯಲ್ಲೇ ಮರಗೆಲಸ ಮಾಡುವವರಿಗೆ ಕಡಿಮೆ ಖರ್ಚಿನ ಡಿಸೈನ್ ಸಾಫ್ಟ್‌ವೇರ್ ಯಾವುದು?

ಶಿರಾಗೇಟ್ ಮೇಷ್ಟ್ರು, ತುಮಕೂರು

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಎರಡು ವರ್ಷದಿಂದ ಭಾನುವಾರ ಬಂದರೆ ಮಹಡಿ ಮೇಲೆ, ಶೀಟಿನ ಕೆಳಗೆ ಮರಗೆಲಸ. ನನ್ನ ಹತ್ತಿರ ಇರುವುದು ಒಂದು ಸರ್ಕ್ಯುಲರ್ ಗರಗಸ, ಡ್ರಿಲ್, ಮೂಲೆಮಟ್ಟ, ನಾಲ್ಕು ಉಳಿ. ಚಪ್ಪಲಿ ಸ್ಟ್ಯಾಂಡು, ಎರಡು ಗೋಡೆ ಶೆಲ್ಫು, ದೇವರ ಮನೆಗೆ ಒಂದು ಪೀಠ, ಇಷ್ಟು ಮಾಡಿದ್ದೇನೆ.

ಈಗ ಮಗಳಿಗೆ ಓದುವ ಮೇಜು ಮಾಡಬೇಕು. ಬಲಗಡೆ ಮೂರು ಡ್ರಾಯರ್ ಬೇಕಂತೆ. ಡ್ರಾಯರ್ ಅಂದರೆ ನನಗೆ ಭಯ. ಹೋದ ಸಲ ಅಡುಗೆಮನೆಗೆ ಒಂದು ಸಣ್ಣದು ಮಾಡಿದ್ದೆ. ಪೆಟ್ಟಿಗೆಯ ಒಳಗಿನ ಅಗಲ 400 ಮಿ.ಮೀ. ಡ್ರಾಯರ್ ಜಾರುವ ಲೋಹದ ಹಳಿಗೆ, ಅಂದರೆ ಟೆಲಿಸ್ಕೋಪಿಕ್ ಚಾನಲ್‌ಗೆ, ಒಂದೊಂದು ಬದಿಗೆ 12.5 ಬಿಟ್ಟು ಡ್ರಾಯರನ್ನು 375ಕ್ಕೆ ಕತ್ತರಿಸಿದೆ. ಆಮೇಲೆ ಪ್ಲೈ ಮೇಲೆ ಹಾಕುವ ತೆಳು ಹಾಳೆ, ಮೈಕಾ, ಅಂಟಿಸಿದೆ. ಪೆಟ್ಟಿಗೆಯ ಒಳಗೆ ಎರಡು ಕಡೆ 1 ಮಿ.ಮೀ., ಡ್ರಾಯರಿನ ಹೊರಗೆ ಎರಡು ಕಡೆ 1 ಮಿ.ಮೀ. ಅಲ್ಲಿಗೆ 4 ಮಿ.ಮೀ. ಹೋಯಿತು. ಬದಿಗೆ ಉಳಿದಿದ್ದು ಹತ್ತೂವರೆ. ಚಾನಲ್ ಕೂರಲೇ ಇಲ್ಲ. ಡ್ರಾಯರ್ ಪೂರ್ತಿ ಬಿಚ್ಚಿ ಮತ್ತೆ ಕತ್ತರಿಸಿದೆ. ಪ್ಲೈ ಹೋಯಿತು, ಎರಡು ಭಾನುವಾರವೂ ಹೋಯಿತು.

ಇನ್ನು ಮೇಲೆ ಕಂಪ್ಯೂಟರಿನಲ್ಲಿ ಮೊದಲು ಜೋಡಿಸಿ ನೋಡಿ, ಆಮೇಲೆ ಗರಗಸ ಹಿಡಿಯೋಣ ಅಂತ ತೀರ್ಮಾನ ಮಾಡಿದ್ದೇನೆ. ಹೋದ ವರ್ಷ ಜಾಹೀರಾತು ನೋಡಿ ಒಂದು ಮನೆ ಡಿಸೈನ್ ಆ್ಯಪ್‌ಗೆ ವರ್ಷದ ಹಣ ಕಟ್ಟಿದ್ದೆ. ಹೆಸರು ಬೇಡ. ಅದರಲ್ಲಿ ಸೋಫಾ, ಪರದೆ ಚೆನ್ನಾಗಿ ಕಾಣುತ್ತಿದ್ದವು. ಒಂದು ಹಲಗೆಯ ದಪ್ಪ 18 ಅಂತ ಕೊಡಲು ಜಾಗವೇ ಇರಲಿಲ್ಲ. ಹಾಗಾಗಿ ಈ ಸಲ ಕೇಳಿಯೇ ಹಾಕಿಕೊಳ್ಳುತ್ತೇನೆ.

ಲ್ಯಾಪ್‌ಟಾಪ್ ಹಳೆಯದು. ಐ3, 4 ಜಿಬಿ ರ್‍ಯಾಮ್. ಇಂಟರ್‌ನೆಟ್ ಮೊಬೈಲ್ ಹಾಟ್‌ಸ್ಪಾಟ್‌ನಿಂದ. ಸಾಧ್ಯವಾದರೆ ಉಚಿತದ್ದು ಬೇಕು. ತಿಂಗಳು ತಿಂಗಳು ಕಟ್ಟುವುದು ಬೇಡ. ಕೊನೆಗೆ ನನಗೆ ಬೇಕಾಗಿರುವುದು ಒಂದು ಕತ್ತರಿಸುವ ಪಟ್ಟಿ, ಅಳತೆ ಬರೆದ ಒಂದು ಚಿತ್ರ. ಅನುಭವ ಇರುವವರು ಹೇಳಿ.


ಕ್ಯಾತ್ಸಂದ್ರದ ಅಕ್ಕ

ಮೇಷ್ಟ್ರೇ, ನಾನು ಇಂಟೀರಿಯರ್ ಕೆಲಸ ಮಾಡುತ್ತೇನೆ. ನನ್ನ ಸಲಹೆ ಸ್ಕೆಚ್‌ಅಪ್ ಫ್ರೀ. ಬ್ರೌಸರಿನಲ್ಲೇ ನಡೆಯುತ್ತದೆ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಸ್ವಂತ ಬಳಕೆಗೆ ಹಣ ಇಲ್ಲ. ಆದರೆ ಅದರಲ್ಲಿ ಮಾಡಿದ್ದನ್ನು ಗಿರಾಕಿಗೆ ಕೊಟ್ಟು ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ನಾನು ಕೆಲಸಕ್ಕೆ ಹಣ ಕಟ್ಟುವ ಪ್ರೊ ಬಳಸುತ್ತೇನೆ, ನಿಮಗೆ ಅದು ಬೇಡ.

ಕಲಿಯುವುದು ಸುಲಭ. ಮಿಲಿಮೀಟರ್ ಟೆಂಪ್ಲೇಟ್ ಆರಿಸಿಕೊಳ್ಳಿ. ಆಯತ ಎಳೆಯಲು ಶುರು ಮಾಡಿ, ಮೌಸ್ ಬಿಟ್ಟು ಕೀಬೋರ್ಡಿನಲ್ಲಿ 1200,600 ಅಂತ ಒತ್ತಿ ಎಂಟರ್ ಕೊಡಿ. ಆಮೇಲೆ ದಪ್ಪ ಕೊಡುವ ಪುಶ್‌ಪುಲ್ ಉಪಕರಣ ತೆಗೆದುಕೊಂಡು 18 ಒತ್ತಿ ಎಂಟರ್. ಮೇಜಿನ ಮೇಲ್ಹಲಗೆ ಸಿದ್ಧ. ಮೊದಲ ದಿನವೇ ಮೇಜಿನ ಆಕಾರ ಕಣ್ಣಿಗೆ ಬರುತ್ತದೆ.

ಒಂದು ವಿಷಯ ಮಾತ್ರ ಮರೆಯಬೇಡಿ. ಒಂದು ಹಲಗೆ ಮುಗಿದ ತಕ್ಷಣ ಅದನ್ನು ಕಾಂಪೊನೆಂಟ್, ಅಂದರೆ ಬೇರೆಯೇ ಒಂದು ಬಿಡಿಭಾಗ, ಮಾಡಿ, ಹೆಸರು ಕೊಡಿ. ‘ಎಡಬದಿ’, ‘ತಳ’, ಹೀಗೆ. ಮಾಡದೇ ಹೋದರೆ ಪಕ್ಕದ ಹಲಗೆ ಇದಕ್ಕೆ ಅಂಟಿಕೊಂಡು, ಒಂದನ್ನು ಎಳೆದರೆ ಇನ್ನೊಂದೂ ಸೊಟ್ಟಗಾಗುತ್ತದೆ. ಹೊಸಬರು ಬಿಟ್ಟು ಓಡಿಹೋಗುವುದೇ ಇಲ್ಲಿ.

ಇದರ ಕೊರತೆಯನ್ನೂ ಹೇಳಬೇಕು. ಉಚಿತದ್ದರಲ್ಲಿ ಎಕ್ಸ್‌ಟೆನ್ಷನ್, ಅಂದರೆ ಮೇಲಿಂದ ಸೇರಿಸುವ ಸಣ್ಣ ಪ್ರೋಗ್ರಾಂ, ಹಾಕಲು ಬರುವುದಿಲ್ಲ. ಕತ್ತರಿಸುವ ಪಟ್ಟಿಯನ್ನು ತಾನೇ ಮಾಡಿಕೊಡುವ, ಮರಗೆಲಸದವರಿಗೆ ತುಂಬ ಉಪಯೋಗದ ಓಪನ್‌ಕಟ್‌ಲಿಸ್ಟ್ ಅನ್ನುವ ಉಚಿತ ಎಕ್ಸ್‌ಟೆನ್ಷನ್ ಇದೆ. ಅದಕ್ಕೆ ಕಂಪ್ಯೂಟರಿನಲ್ಲಿ ಹಾಕಿಕೊಳ್ಳುವ ಸ್ಕೆಚ್‌ಅಪ್ ಬೇಕು. ಆ ಥರದ್ದು ಉಚಿತವಾಗಿ ಬಂದಿದ್ದು 2017ರ ಸ್ಕೆಚ್‌ಅಪ್ ಮೇಕ್‌ನವರೆಗೆ. ಅದೇ ಕೊನೆ. ಹಾಗಾಗಿ ಪಟ್ಟಿಯನ್ನು ನೀವೇ ಕೈಯಲ್ಲಿ ಬರೆದುಕೊಳ್ಳಬೇಕು. ಒಂದು ಮೇಜಿಗೆ ಹದಿನೈದು ಇಪ್ಪತ್ತು ಸಾಲು, ಅಷ್ಟೇ ಅಲ್ವಾ.


ತಿಪಟೂರು ಲಿನಕ್ಸ್

ನನ್ನ ಮತ ಫ್ರೀಕ್ಯಾಡ್‌ಗೆ. ಮೇಷ್ಟ್ರ ತೊಂದರೆ ನೋಡಿದರೆ ಅವರಿಗೆ ಬೇಕಾಗಿರುವುದು ಇದೇ ಅನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ಸ್ಕೆಚ್‌ಅಪ್‌ನಲ್ಲಿ ನೀವು 375 ಅಂತ ಬರೆದರೆ ಅದು 375 ಆಗಿಯೇ ಉಳಿಯುತ್ತದೆ. ಆ 375 ಯಾಕೆ ಬಂತು ಅನ್ನುವುದು ಅದಕ್ಕೆ ಗೊತ್ತಿಲ್ಲ. ಫ್ರೀಕ್ಯಾಡ್ ಒಳಗೇ ಒಂದು ಸ್ಪ್ರೆಡ್‌ಶೀಟ್ ಇದೆ. ಅದರ ಒಂದು ಮನೆಯಲ್ಲಿ (ಸೆಲ್‌ನಲ್ಲಿ) ಪ್ಲೈ ದಪ್ಪ 18, ಇನ್ನೊಂದರಲ್ಲಿ ಮೈಕಾ 1, ಮತ್ತೊಂದರಲ್ಲಿ ಚಾನಲ್ 12.5, ಒಳಗಿನ ಅಗಲ 400. ಡ್ರಾಯರಿನ ಅಗಲವನ್ನು ಸಂಖ್ಯೆಯಾಗಿ ಬರೆಯುವುದಿಲ್ಲ, ಸೂತ್ರವಾಗಿ ಬರೆಯುತ್ತೀರಿ. ನಾನೂರರಿಂದ ಎರಡು ಚಾನಲ್ ಕಳೆಯಿರಿ, ನಾಲ್ಕು ಮೈಕಾ ಕಳೆಯಿರಿ. 371. ಅಂಗಡಿಯಲ್ಲಿ ಬೇರೆ ದಪ್ಪದ ಮೈಕಾ ಸಿಕ್ಕಿತು ಅಂದುಕೊಳ್ಳಿ. ಒಂದೇ ಮನೆ ಬದಲಿಸಿದರೆ ಮೂರು ಡ್ರಾಯರೂ ತಾವೇ ಬದಲಾಗುತ್ತವೆ. ಗಣಿತ ಮೇಷ್ಟ್ರಿಗೆ ಇದಕ್ಕಿಂತ ಹೊಂದುವುದು ಇನ್ನೊಂದಿಲ್ಲ.

ಪೂರ್ತಿ ಉಚಿತ, ಮುಕ್ತ ಸಾಫ್ಟ್‌ವೇರ್. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಒಂದು ಸಲ ಇಳಿಸಿಕೊಂಡರೆ ಇಂಟರ್‌ನೆಟ್ ಬೇಡ. ನಿಮ್ಮ ಫೈಲ್ ನಿಮ್ಮ ಹತ್ತಿರವೇ ಇರುತ್ತದೆ. 2002ರಲ್ಲಿ ಶುರುವಾದ ಯೋಜನೆ, 1.0 ಆವೃತ್ತಿ ಬಂದಿದ್ದು 2024ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯದನ್ನು ಹಾಕಿಕೊಳ್ಳಬೇಡಿ. ಹಳೆಯದರಲ್ಲಿ ಹಿಂದಿನ ಒಂದು ಹೆಜ್ಜೆ ತಿದ್ದಿದರೆ ಮುಂದಿನ ಜೋಡಣೆಗಳು ಕೆಟ್ಟುಹೋಗುತ್ತಿದ್ದವು. 1.0ರಲ್ಲಿ ಅದು ತುಂಬ ಕಡಿಮೆಯಾಗಿದೆ. ಆ್ಯಡ್‌ಆನ್ ಮ್ಯಾನೇಜರಿನಲ್ಲಿ ವುಡ್‌ವರ್ಕಿಂಗ್ ಅನ್ನುವ ವರ್ಕ್‌ಬೆಂಚ್, ಅಂದರೆ ಮರಗೆಲಸದ ಉಪಕರಣಗಳ ಗುಂಪು, ಸಿಗುತ್ತದೆ. ಅದು ಹಲಗೆಗಳ ಅಳತೆಯ ಪಟ್ಟಿಯನ್ನೂ ತೆಗೆದುಕೊಡುತ್ತದೆ. ಅಳತೆ ಬರೆದ ಚಿತ್ರಕ್ಕೆ ಫ್ರೀಕ್ಯಾಡಿನಲ್ಲೇ ಟೆಕ್‌ಡ್ರಾ ಅನ್ನುವ ಭಾಗ ಇದೆ.

ಕಲಿಯಲು ಸಮಯ ಬೇಕು, ಅದು ನಿಜ. ನನಗೆ ಮೊದಲ ಪೆಟ್ಟಿಗೆ ಸರಿಯಾಗಿ ಬರಲು ಹತ್ತು ದಿನ ಹಿಡಿಯಿತು.


ಗೂಳೂರಿನ ಬಡಗಿ

ನಾನು ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡಿಕೊಂಡಿದ್ದೇನೆ. ನಮ್ಮ ಅಪ್ಪನೂ ಇದನ್ನೇ ಮಾಡುತ್ತಿದ್ದರು. ಕಂಪ್ಯೂಟರ್ ಬೇಡ ಅಂತ ಹೇಳುವುದಿಲ್ಲ. ಗಿರಾಕಿಗಳು ಈಗ ಚಿತ್ರ ತೋರಿಸಿಯೇ ಕೆಲಸ ಕೊಡುತ್ತಾರೆ, ನನಗೂ ಅದರಿಂದ ಅನುಕೂಲ. ಆದರೆ ಒಂದು ಮೇಜಿಗೆ ಕಾಗದ ಸಾಕು, ಅದನ್ನೂ ಗೊತ್ತು ಮಾಡಿಕೊಳ್ಳಿ.

ಪ್ಲೈ ಶೀಟು 8 ಅಡಿ 4 ಅಡಿ. ಮಿಲಿಮೀಟರಿನಲ್ಲಿ 2440, 1220. ಹತ್ತರಲ್ಲಿ ಒಂದು ಭಾಗಕ್ಕೆ ಇಳಿಸಿದರೆ 24.4 ಸೆಂ.ಮೀ., 12.2 ಸೆಂ.ಮೀ. ಅದು ಒಂದು ಎ4 ಹಾಳೆಯ ಒಳಗೆ ಬರುತ್ತದೆ. ಗ್ರಾಫ್ ಹಾಳೆ ಮೇಲೆ ಶೀಟು ಬರೆದುಕೊಳ್ಳಿ. ಹಳೆ ಮದುವೆ ಕರೆಯೋಲೆಯ ದಪ್ಪ ಕಾಗದದಲ್ಲಿ ನಿಮ್ಮ ಹಲಗೆಗಳನ್ನು ಅದೇ ಅಳತೆಗೆ ಕತ್ತರಿಸಿ, ಶೀಟಿನ ಮೇಲೆ ಆ ಕಡೆ ಈ ಕಡೆ ಜರುಗಿಸಿ ನೋಡಿ. ಎಲ್ಲಿ ಎಷ್ಟು ಉಳಿಯುತ್ತದೆ ಅಂತ ಕೈಗೇ ಗೊತ್ತಾಗುತ್ತದೆ. ನಮ್ಮ ಅಪ್ಪ ಬೀರು ಮಾಡುವಾಗ ಒಂದು ರೀಪರ್ ಪಟ್ಟಿಯ ಮೇಲೆ ನಿಜ ಅಳತೆಯಲ್ಲೇ ಎಲ್ಲ ಗುರುತು ಹಾಕುತ್ತಿದ್ದರು. ಎತ್ತರಕ್ಕೆ ಒಂದು ಮುಖ, ಅಗಲಕ್ಕೆ ಒಂದು ಮುಖ. ಟೇಪು ಮತ್ತೆ ಮುಟ್ಟುತ್ತಿರಲಿಲ್ಲ. ಟೇಪು ಹತ್ತು ಸಲ ಹಿಡಿದರೆ ಒಂದು ಸಲವಾದರೂ ತಪ್ಪುತ್ತದೆ. ಪಟ್ಟಿಯಲ್ಲಿ ಆ ತಪ್ಪಿಗೆ ಜಾಗ ಇಲ್ಲ.

ಚಾನಲ್ ವಿಷಯ. ಲೆಕ್ಕದಲ್ಲಿ 371 ಬಂದರೆ 370ಕ್ಕೆ ಕತ್ತರಿಸಿ. ಚಾನಲ್ ಅರ್ಧ ಇಂಚು, ಅಂದರೆ 12.7. ಸಂದು ಸ್ವಲ್ಪ ಜಾಸ್ತಿಯಾದರೆ ಚಾನಲ್ ಹಿಂದೆ ತೆಳ್ಳನೆ ಚೂರು ಕೊಟ್ಟು ಸರಿ ಮಾಡಬಹುದು. ಕಡಿಮೆಯಾದರೆ ಮಾಡುವುದಕ್ಕೆ ಏನೂ ಇಲ್ಲ, ಅದು ನಿಮಗೇ ಗೊತ್ತು.


ಎಂಜಿನಿಯರಿಂಗ್ ಹುಡುಗ, ತುಮಕೂರು

ಸರ್, ಆಟೊಡೆಸ್ಕ್ ಫ್ಯೂಷನ್ ನೋಡಿ. ಸ್ವಂತ ಬಳಕೆಗೆ ಉಚಿತ. ತಿಪಟೂರು ಅಣ್ಣ ಹೇಳಿದ ಸೂತ್ರದ ಅನುಕೂಲ ಇದರಲ್ಲೂ ಇದೆ, ಕಲಿಯಲು ಫ್ರೀಕ್ಯಾಡ್‌ಗಿಂತ ಸಲೀಸು. ನಾವು ಕಾಲೇಜಿನಲ್ಲಿ ವಿದ್ಯಾರ್ಥಿ ಲೈಸೆನ್ಸಿನಲ್ಲಿ ಬಳಸುತ್ತೇವೆ.

ಮಿತಿಗಳು ಇವೆ. ಉಚಿತ ಲೈಸೆನ್ಸಿನಲ್ಲಿ ಒಂದೇ ಸಲಕ್ಕೆ ತಿದ್ದಲು ಬರುವಂತೆ ಇಟ್ಟುಕೊಳ್ಳಬಹುದಾದ ಫೈಲುಗಳು 10 ಮಾತ್ರ. ಹನ್ನೊಂದನೆಯದು ಬೇಕಾದರೆ ಹಳೆಯ ಒಂದನ್ನು ಓದಲು ಮಾತ್ರ ಅಂತ ಬದಲಿಸಬೇಕು. ಫೈಲು ಅವರ ಕ್ಲೌಡಿನಲ್ಲಿರುತ್ತದೆ. ಆನ್‌ಶೇಪ್ ಅಂತ ಇನ್ನೊಂದಿದೆ, ಪೂರ್ತಿ ಬ್ರೌಸರಿನಲ್ಲೇ ನಡೆಯುತ್ತದೆ. ಅದರ ಉಚಿತ ಖಾತೆಯಲ್ಲಿ ಮಾಡಿದ್ದೆಲ್ಲ ಎಲ್ಲರಿಗೂ ಕಾಣುತ್ತದೆ. ಓದುವ ಮೇಜಿನ ನಕ್ಷೆ ಯಾರು ನೋಡಿದರೂ ನಷ್ಟ ಇಲ್ಲ ಅನ್ನುವುದಾದರೆ ಅದೂ ಆಗುತ್ತದೆ.


ತಿಪಟೂರು ಲಿನಕ್ಸ್

4 ಜಿಬಿ ರ್‍ಯಾಮಿನಲ್ಲಿ ಫ್ಯೂಷನ್ ಕಷ್ಟ ಕಣಪ್ಪ. ತೆರೆಯುವಷ್ಟರಲ್ಲಿ ಒಂದು ಕಾಫಿ ಕುಡಿದು ಬರಬಹುದು. ನಾನು ಅದೇ ಥರದ ಮೆಷಿನಿನಲ್ಲಿ ಒಂದು ವಾರ ಪ್ರಯತ್ನ ಮಾಡಿ ಕೈಬಿಟ್ಟೆ.


ಶಿರಾಗೇಟ್ ಮೇಷ್ಟ್ರು, ತುಮಕೂರು

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಗೂಳೂರಿನ ಅಣ್ಣ ಹೇಳಿದ ಕಾಗದದ ಉಪಾಯ ಇವತ್ತೇ ಮಾಡಿದೆ. ಮಗಳೂ ಕೂತು ಜರುಗಿಸಿದಳು. ತುಂಬ ಚೆನ್ನಾಗಿದೆ.

ಒಂದು ಅನುಮಾನ. ನಾನು ಎಲ್ಲ ಮಿಲಿಮೀಟರಿನಲ್ಲಿ ಬರೆಯುತ್ತೇನೆ. ಗರಗಸದ ಟೇಬಲ್ ಇರುವವರ ಹತ್ತಿರ ಕತ್ತರಿಸಲು ಹೋದರೆ ಅವರು ಅಡಿ, ಇಂಚು ಕೇಳುತ್ತಾರೆ. ಸಾಫ್ಟ್‌ವೇರಿನಲ್ಲಿ ಯಾವುದು ಇಟ್ಟುಕೊಳ್ಳಲಿ?


ಗೂಳೂರಿನ ಬಡಗಿ

ಮಿಲಿಮೀಟರ್ ಇಟ್ಟುಕೊಳ್ಳಿ ಮೇಷ್ಟ್ರೇ. ನಾವು ಬಾಯಲ್ಲಿ ಇಂಚು, ನೂಲು ಅನ್ನುತ್ತೇವೆ. ನೂಲು ಅಂದರೆ ಇಂಚಿನ ಎಂಟರಲ್ಲಿ ಒಂದು ಪಾಲು, ಮೂರು ಮಿ.ಮೀ. ಮೇಲೆ ಚೂರು. ಮನೆ ಬಾಗಿಲಿಗೆ, ಕಿಟಕಿಗೆ ಆ ಲೆಕ್ಕ ನಡೆಯುತ್ತದೆ. ಮೈಕಾ 1 ಮಿ.ಮೀ. ಇರುವಾಗ, ಚಾನಲ್ ಇರುವಾಗ ನೂಲಿನ ಲೆಕ್ಕ ಸಾಲದು. ಈಗ ಚಾನಲು, ಆಟೋ ಹಿಂಜು ಎಲ್ಲದರ ಮೇಲೂ ಮಿಲಿಮೀಟರೇ. ಹಿಂಜಿನ ಬಟ್ಟಲಿಗೆ ತೂತು ಹಾಕುವ ಬಿಟ್ಟು 35 ಮಿ.ಮೀ. ಪಟ್ಟಿಯಲ್ಲಿ ಮಿಲಿಮೀಟರ್ ಬರೆದು ಪಕ್ಕದಲ್ಲಿ ಇಂಚು ಬರೆಯಬೇಡಿ. ಎರಡೂ ಇದ್ದರೆ ಹುಡುಗರು ಒಂದನ್ನು ಇಂಚಿನಲ್ಲಿ, ಇನ್ನೊಂದನ್ನು ಮಿಲಿಮೀಟರಿನಲ್ಲಿ ಹಿಡಿಯುತ್ತಾರೆ.


ಮಂಡಿಪೇಟೆ ಪ್ಲೈ

ನಾನು ಪ್ಲೈವುಡ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಸಾಫ್ಟ್‌ವೇರ್ ನನಗೆ ಅಷ್ಟು ಗೊತ್ತಿಲ್ಲ. ಆದರೆ ಜನ ತರುವ ಪಟ್ಟಿಗಳನ್ನು ದಿನಾ ನೋಡುತ್ತೇನೆ. ಅದರಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು ಹೇಳುತ್ತೇನೆ.

ಎಲ್ಲರಿಗೂ ಎರಡು ಅಡಿ ಅಗಲದ ಮೇಜು ಬೇಕು. 610 ಅಂತ ಬರೆದು ತರುತ್ತಾರೆ. ಶೀಟು 1220, ಎರಡು 610 ಸರಿಯಾಗಿ ಬರುತ್ತದೆ ಅಂತ ಲೆಕ್ಕ. ಆದರೆ ಗರಗಸ ಹೋದ ದಾರಿಯಲ್ಲಿ 3 ಮಿ.ಮೀ. ಹತ್ತಿರ ಪುಡಿಯಾಗಿ ಹೋಗುತ್ತದೆ. ಎರಡನೆಯ ಹಲಗೆ 607 ಆಗುತ್ತದೆ. ಶೀಟಿನ ಅಂಚು ಪೆಟ್ಟು ತಿಂದಿದ್ದರೆ ಅದನ್ನೂ ಸವರಬೇಕು. 600 ಇಟ್ಟುಕೊಳ್ಳಿ, ತೊಂದರೆಯೇ ಇಲ್ಲ.

ಎರಡನೆಯದು ದಪ್ಪ. 18 ಅಂತ ಬರೆದಿರುವ ಪ್ಲೈ ಎಲ್ಲವೂ ಸರಿಯಾಗಿ 18 ಇರುವುದಿಲ್ಲ. ಮೊದಲು ಶೀಟು ತನ್ನಿ, ವರ್ನಿಯರ್‌ನಿಂದ ಅಳೆಯಿರಿ, ಆಮೇಲೆ ಆ ಅಳತೆಯನ್ನು ಕಂಪ್ಯೂಟರಿಗೆ ಕೊಡಿ. ಎರಡು ಕಡೆ ಮೈಕಾ ಹಾಕುವುದಾದರೆ 18 ಹೋಗಿ 20 ಆಗುತ್ತದೆ. ಅಂಟು ಸೇರಿ ಇನ್ನೂ ಚೂರು ಜಾಸ್ತಿ. ಒಳಗಡೆ ಹಾಕುವ ಮೈಕಾ 0.8 ಮಿ.ಮೀ.ನದ್ದೂ ಸಿಗುತ್ತದೆ, ಬೆಲೆಯೂ ಕಡಿಮೆ.

ಓದುವ ಮೇಜಿಗೆ ಐಎಸ್ 303 (ಭಾರತೀಯ ಮಾನಕದ ಸಂಖ್ಯೆ) ಗುರುತಿನ ಕಮರ್ಷಿಯಲ್ ಪ್ಲೈ ಸಾಕು. ನೀರು ತಾಗುವ ಅಡುಗೆಮನೆ ಸಿಂಕಿನ ಕೆಳಗಾದರೆ ಐಎಸ್ 710 ಕೇಳಿ.


ಕ್ಯಾತ್ಸಂದ್ರದ ಅಕ್ಕ

ಗರಗಸದ ದಾರಿಯ ಲೆಕ್ಕಕ್ಕೆ ಕಟ್‌ಲಿಸ್ಟ್ ಆಪ್ಟಿಮೈಜರ್ ಅನ್ನುವ ವೆಬ್‌ಸೈಟ್ ಇದೆ. ಶೀಟಿನ ಅಳತೆ, ಹಲಗೆಗಳ ಅಳತೆ, ಗರಗಸದ ದಪ್ಪ ಕೊಟ್ಟರೆ ಶೀಟಿನ ಮೇಲೆ ಜೋಡಿಸಿ ತೋರಿಸುತ್ತದೆ. ಸಣ್ಣ ಕೆಲಸಕ್ಕೆ ಉಚಿತ. ನಾರಿನ ದಿಕ್ಕು ಕಾಪಾಡಬೇಕೋ ಬೇಡವೋ ಅಂತಲೂ ಕೇಳುತ್ತದೆ. ಮೇಷ್ಟ್ರೇ, ನೀವು ಮೈಕಾ ಹಾಕುವವರು, ಸಣ್ಣ ಹಲಗೆಗಳನ್ನು ತಿರುಗಿಸಲು ಬಿಡಿ. ಉದ್ದದ ಶೆಲ್ಫಿಗೆ ಮಾತ್ರ ನಾರು ಉದ್ದಕ್ಕೇ ಇರಲಿ, ಇಲ್ಲದಿದ್ದರೆ ಪುಸ್ತಕದ ಭಾರಕ್ಕೆ ಬಗ್ಗುತ್ತದೆ. ಮೈಕಾದಲ್ಲಿ ಮರದ ಗೆರೆ ಇದ್ದರೆ ಅದಕ್ಕೆ ಬೇರೆ ಪಟ್ಟಿ ಮಾಡಿ. ಅಲ್ಲಿ ತಿರುಗಿಸಿದರೆ ಒಂದು ಡ್ರಾಯರಿನ ಗೆರೆ ಅಡ್ಡ, ಇನ್ನೊಂದರದು ಉದ್ದ ಆಗಿ ನೋಡಲು ಕೆಟ್ಟದಾಗಿರುತ್ತದೆ.


ಚೇಳೂರು ತೋಟ, ಗುಬ್ಬಿ

ನಮ್ಮ ಕಡೆ ಹಲಸು ಜಾಸ್ತಿ, ನಿಮಗೆ ಗೊತ್ತೇ ಇದೆ. ಮೂರು ವರ್ಷದ ಹಿಂದೆ ಗಾಳಿಗೆ ಬಿದ್ದ ಒಂದು ಹಳೆ ಮರವನ್ನು ಹಲಗೆ ಕೊಯ್ಸಿ ನೆರಳಲ್ಲಿ ಪೇರಿಸಿಟ್ಟಿದ್ದೇನೆ. ಬಣ್ಣ ಈಗ ಜೇನಿನ ಹಾಗೆ ಆಗಿದೆ. ಅದರಲ್ಲಿ ಊಟದ ಮೇಜು ಮಾಡುವ ಆಸೆ. ಇಲ್ಲಿ ಹೇಳಿದ ಸಾಫ್ಟ್‌ವೇರೇ ನನಗೂ ಆಗುತ್ತದಾ?


ಗೂಳೂರಿನ ಬಡಗಿ

ಒಳ್ಳೆ ಮರ ಅಣ್ಣ. ವೀಣೆಗೂ ಅದನ್ನೇ ಬಳಸುತ್ತಾರೆ. ಚಿತ್ರಕ್ಕೆ ಯಾವುದಾದರೂ ಆಗುತ್ತದೆ, ಆದರೆ ಒಂದು ಮಾತು ನೆನಪಿರಲಿ. ಕಂಪ್ಯೂಟರಿನಲ್ಲಿ ಹಲಗೆ ಬೇಸಿಗೆಯಲ್ಲೂ ಅಷ್ಟೇ, ಮಳೆಗಾಲದಲ್ಲೂ ಅಷ್ಟೇ. ನಿಜವಾದ ಮರ ಹಾಗಲ್ಲ. ಉದ್ದದಲ್ಲಿ ಬದಲಾಗುವುದು ಕಣ್ಣಿಗೆ ಕಾಣದಷ್ಟು. ಅಗಲದಲ್ಲಿ ಹಿಗ್ಗುತ್ತದೆ, ಕುಗ್ಗುತ್ತದೆ. ಅದರಲ್ಲೂ ದಿಮ್ಮಿಯ ಬದಿಯಿಂದ ಕೊಯ್ದ ಹಲಗೆ, ನಡುವಿನಿಂದ ನೇರ ಕೊಯ್ದ ಹಲಗೆಗಿಂತ ಹೆಚ್ಚುಕಮ್ಮಿ ಎರಡು ಪಾಲು ಆಡುತ್ತದೆ. ಪ್ಲೈನಲ್ಲಿ ಪದರಗಳು ಒಂದಕ್ಕೊಂದು ಅಡ್ಡ ಅಂಟಿರುವುದರಿಂದ ಈ ತಾಪತ್ರಯ ಇಲ್ಲ.

ಹಾಗಾಗಿ ಮೇಲ್ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ಅಂಟು ಹಾಕಿ ಬಿಗಿ ಮಾಡಬೇಡಿ. ಮರದ ಗುಂಡಿ, ಅಂದರೆ ಹಲಗೆಯನ್ನು ಚೌಕಟ್ಟಿಗೆ ಸಡಿಲವಾಗಿ ಹಿಡಿಯುವ ಸಣ್ಣ ಮರದ ತುಂಡು, ಕೊಟ್ಟು, ಇಲ್ಲ ತೂತನ್ನು ಉದ್ದಕ್ಕೆ ಮಾಡಿ ಸ್ಕ್ರೂ ಹಾಕಿ. ಹಲಗೆಗೆ ಆಡಲು ಜಾಗ ಇರಬೇಕು. ಚಿತ್ರ ಬರೆಯುವಾಗಲೇ ಆ ಸಂದನ್ನು ಬರೆದುಕೊಳ್ಳಿ. ಸಾಫ್ಟ್‌ವೇರ್ ತಾನಾಗಿ ಕೇಳುವುದಿಲ್ಲ.


ಕುಣಿಗಲ್ ರಸ್ತೆ

ಒಂದು ಎಚ್ಚರಿಕೆ. ಹಣ ಕಟ್ಟುವ ಸಾಫ್ಟ್‌ವೇರನ್ನು ಕಳ್ಳದಾರಿಯಲ್ಲಿ ಹಾಕಿಕೊಳ್ಳಬೇಡಿ. ನಾನು ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಹಾಗೆ ಹಾಕಿಸಿಕೊಂಡೆ. ಎರಡು ವಾರಕ್ಕೆ ವೈರಸ್ ಬಂದು ಮಗನ ಹುಟ್ಟುಹಬ್ಬದ ಫೋಟೋಗಳೆಲ್ಲ ಹೋದವು. ಇಷ್ಟು ಒಳ್ಳೆಯವು ಉಚಿತವಾಗಿ ಇರುವಾಗ ಅದು ಬೇಕಾಗಿರಲಿಲ್ಲ.


ಶಿರಾಗೇಟ್ ಮೇಷ್ಟ್ರು, ತುಮಕೂರು

ಆರು ವಾರ ಆಯಿತು. ಏನಾಯಿತು ಅಂತ ಹೇಳುವುದು ನನ್ನ ಕರ್ತವ್ಯ.

ಮೊದಲು ಸ್ಕೆಚ್‌ಅಪ್ ಫ್ರೀ ತೆರೆದೆ. ಅಕ್ಕ ಹೇಳಿದ ಕಾಂಪೊನೆಂಟ್ ಮಾತನ್ನು ಮೊದಲ ದಿನ ಮರೆತು ಹಲಗೆಗಳು ಅಂಟಿಕೊಂಡವು. ಮರುದಿನ ಅಳಿಸಿ ಹೊಸದಾಗಿ ಮಾಡಿದೆ. ಎರಡು ಸಂಜೆಯಲ್ಲಿ ಮೇಜಿನ ಆಕಾರ ಬಂತು. ಮಗಳನ್ನು ಕೂರಿಸಿ ತೋರಿಸಿದೆ. ಮೇಜು 1200 ಅಗಲ. ಡ್ರಾಯರ್ ಪೆಟ್ಟಿಗೆ ಹೊರಗಿನಿಂದ 436, ಎಡಬದಿ ಹಲಗೆ 18. ಕಾಲಿಗೆ ಉಳಿಯುವ ಜಾಗ 746. ಅವಳು ಕುರ್ಚಿ ಅಳೆದು ಬಂದು ಸಾಕು ಅಂದಳು. ಇದು ನನ್ನ ನೋಟ್‌ಬುಕ್ಕಿನ ಚಿತ್ರದಲ್ಲಿ ಆಗುತ್ತಿರಲಿಲ್ಲ. ಮೇಜನ್ನು ತಿರುಗಿಸಿ ತಿರುಗಿಸಿ ನೋಡಿದಾಗಲೇ ಅವಳಿಗೆ ಅರ್ಥವಾಯಿತು.

ಡ್ರಾಯರಿಗೆ ಮಾತ್ರ ಫ್ರೀಕ್ಯಾಡ್ ಹಿಡಿದೆ. ಸುಮ್ನೆ ಹೇಳುವುದಿಲ್ಲ, ಮೊದಲ ನಾಲ್ಕು ದಿನ ತುಂಬ ಕಷ್ಟವಾಯಿತು. ಸ್ಕೆಚ್ಚಿನ ಗೆರೆಗಳಿಗೆ ಕಟ್ಟುಪಾಡು (ಇಷ್ಟು ಉದ್ದ, ಇದಕ್ಕೆ ಸಮಾನಾಂತರ ಅನ್ನುವಂಥ ನಿಯಮ) ಹಾಕುವುದು ತಲೆಗೆ ಹತ್ತಲಿಲ್ಲ. ಐದನೆಯ ದಿನ ಸ್ಪ್ರೆಡ್‌ಶೀಟ್ ಜೋಡಿಸಿ, ಮೈಕಾ ಮನೆಯಲ್ಲಿ 1 ತೆಗೆದು 0.8 ಹಾಕಿದೆ. ಮೂರು ಡ್ರಾಯರೂ ಒಟ್ಟಿಗೆ ಜರುಗಿದವು. ಆ ಕ್ಷಣ ನಾನು ಎದ್ದು ನಿಂತುಬಿಟ್ಟೆ. ಹತ್ತನೇ ತರಗತಿ ಮಕ್ಕಳಿಗೆ ಚರಾಕ್ಷರ ಅಂದರೆ ಏನು ಅಂತ ಹೇಳಲು ಇದಕ್ಕಿಂತ ಒಳ್ಳೆ ಉದಾಹರಣೆ ಸಿಗುವುದಿಲ್ಲ. ಶಾಲೆಯ ಪ್ರೊಜೆಕ್ಟರಿನಲ್ಲಿ ತೋರಿಸಿಯೂ ಆಯಿತು.

ಪ್ಲೈ ತಂದು ಅಳೆದೆ. 17.6 ಇತ್ತು. ಅದನ್ನೇ ಕೊಟ್ಟೆ. ಕತ್ತರಿಸುವ ಪಟ್ಟಿಯನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು, ಒಂದೊಂದು ಹಲಗೆಗೂ ಒಂದೊಂದು ನಂಬರ್ ಕೊಟ್ಟು, ಶೀಟಿನ ನಕ್ಷೆ ಜೊತೆಗೆ ಗರಗಸದ ಹುಡುಗನಿಗೆ ಕೊಟ್ಟೆ. ಅವನು ಒಂದೂ ಪ್ರಶ್ನೆ ಕೇಳಲಿಲ್ಲ. ಮೇಲ್ಹಲಗೆ, ಮೂರು ನಿಲುವು ಹಲಗೆ, ಪೆಟ್ಟಿಗೆಯ ತಳ, ಡ್ರಾಯರಿನ ಮುಖಗಳು, ಕಾಲ ಮುಂದಿನ ಅಡ್ಡಹಲಗೆ, ಎಲ್ಲ ಒಂದೇ ಶೀಟಿನಲ್ಲಿ ಬಂತು. ಮೊದಲು ನಾರಿನ ದಿಕ್ಕು ಕಾಪಾಡು ಅಂತ ಇಟ್ಟಿದ್ದಾಗ ವೆಬ್‌ಸೈಟ್ ಎರಡು ಶೀಟು ಕೇಳಿತ್ತು. ಅಕ್ಕನ ಮಾತು ಕೇಳಿ ಡ್ರಾಯರ್ ಮುಖಗಳನ್ನು ತಿರುಗಿಸಲು ಬಿಟ್ಟೆ. ಒಂದು ಶೀಟಿನ ದುಡ್ಡು ಉಳಿಯಿತು. ಡ್ರಾಯರಿನ ಬದಿಗಳಿಗೆ 12 ಮಿ.ಮೀ. ಪ್ಲೈ ಬೇರೆ ತಂದೆ.

ಡ್ರಾಯರ್ ಅಗಲ ಬಡಗಿ ಅಣ್ಣ ಹೇಳಿದಂತೆ ಲೆಕ್ಕಕ್ಕಿಂತ ಒಂದು ಮಿ.ಮೀ. ಕಡಿಮೆ ಮಾಡಿದೆ. ಒಂದು ಬದಿಯಲ್ಲಿ ಚಾನಲ್ ಹಿಂದೆ ಮೈಕಾ ಚೂರು ಕೊಡಬೇಕಾಯಿತು, ಅಷ್ಟೇ. ಮೂರೂ ಒಂದು ಬೆರಳಿನಲ್ಲಿ ತಳ್ಳಿದರೆ ಒಳಗೆ ಹೋಗುತ್ತವೆ.


ಗೂಳೂರಿನ ಬಡಗಿ

ಫೋಟೋ ನೋಡಿದೆ ಮೇಷ್ಟ್ರೇ. ಮೂರು ಮುಖಗಳ ನಡುವಿನ ಸಂದು ಒಂದೇ ಸಮ ಇದೆ. ಒಳ್ಳೆ ಕೆಲಸ.


ಚೇಳೂರು ತೋಟ, ಗುಬ್ಬಿ

ಮೇಷ್ಟ್ರೇ, ಆ ಡ್ರಾಯರ್ ಫೈಲು ಕೊಡುತ್ತೀರಾ? ಊಟದ ಮೇಜಿಗೂ ಒಂದು ಡ್ರಾಯರ್ ಇರಲಿ ಅಂತ ಮನೆಯವರು ಹೇಳಿದರು. ಚಮಚ ಇಡಲು.


ಶಿರಾಗೇಟ್ ಮೇಷ್ಟ್ರು, ತುಮಕೂರು

ಹಾಕಿದ್ದೇನೆ ಅಣ್ಣ, ತೆಗೆದುಕೊಳ್ಳಿ. ತೆರೆದ ತಕ್ಷಣ ಮೊದಲ ಹಾಳೆಯಲ್ಲಿ ಮೈಕಾ ಅಂತ ಒಂದು ಮನೆ ಇದೆ. ನಿಮ್ಮದು ಹಲಸಿನ ಮರ, ಮೈಕಾ ಇಲ್ಲ. ಅಲ್ಲಿ ಸೊನ್ನೆ ಹಾಕಿ.